ಅನುಮಾನದ ಓಟು

ಎದೆಯ ಮೇಲಿನ ಪಕ್ಷದ ಕೆಂಪು ರಿಬ್ಬನ್ ಹೂವಿನ ಪಿನ್ನು ಮತ್ತೆ ಚುಚ್ಚಿತು. ಕಿತ್ತು ಬಿಸಾಡಿಬಿಡುವಷ್ಟು ಸಿಟ್ಟು ಬಂತು ಡೆನ್ನಿಸ್ ಹಾಯ್ಲ್‌ಗೆ. ಆದರೆ ಈಗ ಕಿತ್ತರೆ, ನೋಡು ಸೋಲೊಪ್ಪಿಕೊಂಡ ಅಂತ ಎದುರಿನವರು ಹಲ್ಲು ಕಿರಿಯುತ್ತಾರೆ. ಆ ಸುಖ ಅವರಿಗೆ ಯಾಕೆ ಕೊಡಬೇಕು ಎಂದು ಅದನ್ನು ಕೋಟಿಗೆ ಇನ್ನೂ ಗಟ್ಟಿಯಾಗಿ ಸಿಕ್ಕಿಸಿಕೊಂಡ. ನಗರಸಭೆಯ ಈಜುಕೊಳಕ್ಕೆ ಅಂಟಿಕೊಂಡ ಆಟದ ಹಾಲ್. ನೆಲದ ಮೇಲೆ ಬ್ಯಾಡ್ಮಿಂಟನ್ ಗೆರೆಗಳು, ಗೆರೆಗಳ ಮೇಲೆ ಉದ್ದುದ್ದ ಮೇಜುಗಳು, ಮೇಜಿನಾಚೆ ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡು ಮತಪತ್ರ ಎಣಿಸುವ ಗುಮಾಸ್ತರು. ಮೊನ್ನೆಯವರೆಗೂ ಕಾರಿಡಾರಿನಲ್ಲಿ ಎದುರಾದರೆ ನಿಂತು ನಮಸ್ಕಾರ ಹೇಳುತ್ತಿದ್ದ ಇದೇ ಹೆಣ್ಣುಮಕ್ಕಳು ಇವತ್ತು ತಲೆಯೆತ್ತಿ ನೋಡುತ್ತಿಲ್ಲ. ಎಣಿಸುವಾಗ ಅಭ್ಯರ್ಥಿಯ ಮುಖ ನೋಡಬಾರದೆಂಬುದು ನಿಯಮ, ಅದು ಅವನಿಗೂ ಗೊತ್ತು, ಹದಿನಾರು ವರ್ಷ ಕೌನ್ಸಿಲರ್ ಆಗಿದ್ದವನಿಗೆ ಗೊತ್ತಿಲ್ಲವೇ? ಆದರೂ ಹೊಟ್ಟೆ ಉರಿಯಿತು. ಹೋದ ಸಲವೂ ಇದೇ ನಿಯಮವಿತ್ತು, ಹೋದ ಸಲ ಅವರು ಕಣ್ಣಂಚಿನಲ್ಲಿ ನಕ್ಕಿದ್ದರು. ಗೋಡೆಯಾಚೆ ಕೊಳದಲ್ಲಿ ಶಾಲೆಯ ಮಕ್ಕಳು ಕಿರಿಚಾಡುತ್ತಿದ್ದವು, ಕ್ಲೋರಿನ್ ವಾಸನೆ ಗಂಟಲಿಗೆ ಹತ್ತುತ್ತಿತ್ತು, ಪೇಪರ್ ಲೋಟದ ಚಹಾ ತಣ್ಣಗಾಗಿ ಮೇಲೆ ಕೆನೆಗಟ್ಟಿತ್ತು.

ಅವನ ಚುನಾವಣಾ ಏಜೆಂಟ್ ನಜೀರ್ ಭಟ್ಟಿ, ಟ್ಯಾಕ್ಸಿ ಓಡಿಸುವವನು, ತಡೆಗಟ್ಟೆಯ ಮೇಲೆ ಹೊಟ್ಟೆಯಿಟ್ಟು ಬಗ್ಗಿ, ಗುಮಾಸ್ತರ ಕೈಯಿಂದ ಜಾರುವ ಒಂದೊಂದು ಚೀಟಿಯ ಮೇಲೂ ಕಣ್ಣಿಟ್ಟಿದ್ದ. "ಬಿಗಿಯಾಗಿದೆ ಗುರುವೇ, ಬಹಳ ಬಿಗಿಯಾಗಿದೆ. ಹಳೇ ಮಾರ್ಕೆಟ್ ಪೆಟ್ಟಿಗೆ ನಮ್ಮ ಕೈ ಹಿಡೀತು. ಟೆಂಟರ್ ಬೀದಿ ಕಡೇದು ಮಾತ್ರ ಪೂರ್ತಿ ಕೈ ಕೊಡ್ತು. ನಿನ್ನೆ ಅಲ್ಲಿ ಮನೆಮನೆ ತಟ್ಟಿ ನಮ್ಮವರನ್ನ ಎಬ್ಬಿಸಿದ್ದು ಯಾರು?"

"ನಾನೇ ಹೋಗಿದ್ದೆ," ಎಂದ ಡೆನ್ನಿಸ್. ಸುಳ್ಳು. ಟೆಂಟರ್ ಬೀದಿ ನನಗೆ ಬಿಡಿ, ನನ್ನ ತಂಗಿಯ ಬೀದಿ ಎಂದು ಕಾರ್ಯಕರ್ತರಿಗೆಲ್ಲ ಹೇಳಿ, ಬೀದಿಯ ಮೂಲೆಯವರೆಗೆ ಹೋಗಿ, ಕಾರಿನಲ್ಲೇ ಕೂತು ಒಂದು ಪೋರ್ಕ್ ಪೈ ತಿಂದು ವಾಪಸು ಬಂದಿದ್ದ. ಅಲ್ಲಿನ ಒಂದು ಬಾಗಿಲು ತಟ್ಟಿದರೂ ಐಲೀನ್‌ಗೆ ಗೊತ್ತಾಗುತ್ತಿತ್ತು. ಅವಳ ಬಾಗಿಲೊಂದನ್ನೇ ಬಿಟ್ಟು ಉಳಿದೆಲ್ಲ ಬಾಗಿಲು ತಟ್ಟಿದ ಅಂತ ಆಗುತ್ತಿತ್ತು. ತಟ್ಟಿದ್ದರೋ, ಅವಳು ತೆರೆದು ನಿಂತು ಏನೂ ಮಾತಾಡದೆ ನೋಡುತ್ತಿದ್ದಳು. ಹೀಗೆ ನೋಡುವುದನ್ನು ಅವಳು ಎಲ್ಲಿ ಕಲಿತಳೋ ಪುಣ್ಯಾತ್ಗಿತ್ತಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಆ ದಿನವೂ ಹಾಗೇ ನೋಡಿದ್ದಳು. ನಗರಸಭೆಯ ಮೇಲ್ಗಡೆಯ ಗ್ಯಾಲರಿಯಲ್ಲಿ, ಮಗ ಕಾರ್ಲ್‌ನ ಗಾಲಿಕುರ್ಚಿಯನ್ನು ಕಟಕಟೆಗೆ ಒತ್ತಿ ನಿಲ್ಲಿಸಿಕೊಂಡು. ಕಾರ್ಲ್‌ಗೆ ಮೂವತ್ತನಾಲ್ಕು ವಯಸ್ಸು, ಹುಟ್ಟಿನಿಂದ ಕಾಲು ಸ್ವಾಧೀನವಿಲ್ಲ, ಮಾತು ಬರುವುದು ಅಷ್ಟಕ್ಕಷ್ಟೆ. ವಾರದ ಐದೂ ದಿನ ಅವನು ಹೋಗುತ್ತಿದ್ದ ಹಗಲು ಆರೈಕೆ ಕೇಂದ್ರವನ್ನು ಮುಚ್ಚುವ ಪ್ರಸ್ತಾಪ ಅವತ್ತು ಮತಕ್ಕೆ ಬಂದಿತ್ತು. ಮುಚ್ಚದಿದ್ದರೆ ಇನ್ನೇನನ್ನೋ ಮುಚ್ಚಬೇಕು, ದುಡ್ಡು ಕೊಡದೆ ಲಂಡನ್ನಿನ ಸರ್ಕಾರದವರು ಕತ್ತು ಹಿಸುಕುತ್ತಿದ್ದಾರೆ, ನಾನೇನು ಮಾಡಲಿ ಡೆನ್ನಿಸ್ ಎಂದು ಪಕ್ಷದ ಮುಖ್ಯಸ್ಥ ಹಿಂದಿನ ದಿನ ಭುಜದ ಮೇಲೆ ಕೈಯಿಟ್ಟು ಹೇಳಿದ್ದ. ಎಲ್ಲರೂ ಕೈಯೆತ್ತುವಾಗ ನೀನೊಬ್ಬ ಎತ್ತದಿದ್ದರೆ ಮುಂದಿನ ಸಲ ಟಿಕೆಟ್ಟಿನ ಮಾತು ನನ್ನ ಕೈಲಿಲ್ಲ ಎಂದೂ ಹೇಳಿದ್ದ, ನಗುನಗುತ್ತಲೇ. ಡೆನ್ನಿಸ್ ಕೈಯೆತ್ತಿದ. ಎತ್ತಿದ ಕೂಡಲೇ ಮೇಲಿನಿಂದ "ಡೆನ್ನಿಸ್ ಮಾವಾ!" ಎಂದು ಇಡೀ ಸಭೆಗೆ ಕೇಳುವ ಹಾಗೆ ಕೂಗು ಬಂತು. ಮಾವ ತನಗೇ ಕೈಬೀಸುತ್ತಿದ್ದಾನೆಂದುಕೊಂಡು ಕಾರ್ಲ್ ಕೈ ಬೀಸುತ್ತಿದ್ದ, ಜೋರಾಗಿ, ಬಾಯ್ತುಂಬ ನಗುತ್ತ. ಅಧ್ಯಕ್ಷರು ಎಣಿಸಿ ಮುಗಿಸುವವರೆಗೆ ಕೈ ಇಳಿಸುವ ಹಾಗಿರಲಿಲ್ಲ. ಡೆನ್ನಿಸ್ ಕೈ ಎತ್ತಿಯೇ ಇದ್ದ, ಅವನು ಬೀಸುತ್ತಲೇ ಇದ್ದ. ಪಕ್ಕದಲ್ಲಿ ಕೂತಿದ್ದ ಯಾರೋ ಕಿಸಕ್ಕೆಂದರು. ಆ ನಗೆಯವನ ಕೆನ್ನೆಗೆ ಬಾರಿಸಬೇಕೆಂಬ ಆಸೆ ಇವತ್ತಿಗೂ ಕೈಯಲ್ಲಿ ಉಳಿದುಕೊಂಡಿದೆ.

ಆವತ್ತಿನಿಂದ ಐಲೀನ್ ಮಾತು ಬಿಟ್ಟಳು. ಬಿಡಲಿ! ಇಡೀ ಅಂಡರ್‌ಸ್ಕಾರ್ ವಾರ್ಡಿಗೆ ಒಬ್ಬಳದೇ ಮಗನೇ? ಚರಂಡಿ ಯಾರು ಸರಿ ಮಾಡಿಸಿದರು, ಬಸ್ಸು ನಿಲ್ಲಿಸಬೇಕೆಂದಾಗ ಯಾರು ಜಗಳವಾಡಿ ಉಳಿಸಿದರು, ತೇವದ ಗೋಡೆ, ಇಲಿ, ಒಡೆದ ದೀಪ ಎಂದು ಭಾನುವಾರವೂ ಫೋನು ಬಂದರೆ ಯಾರು ಓಡಿದರು? ಒಬ್ಬರೂ ನೆನೆಸಿಕೊಳ್ಳುವುದಿಲ್ಲ. ಬಾಗಿಲು ತೆರೆದವರು 'ನೀವೆಲ್ಲ ಒಂದೇ' ಅನ್ನುತ್ತಾರೆ, ಮುಚ್ಚುತ್ತಾರೆ. ಅಪ್ಪನ ಕಾಲದಲ್ಲಿ ಬಾಗಿಲು ತೆರೆದವರು ಒಳಗೆ ಕರೆಯುತ್ತಿದ್ದರು. ಬಸ್ ಡಿಪೋದ ಯೂನಿಯನ್ನಿನ ಆಲ್ಬರ್ಟ್ ಹಾಯ್ಲ್ ಇದೇ ವಾರ್ಡನ್ನು ಸಾಯುವವರೆಗೂ ಆಳಿದವನು. ಬೀದಿಯ ಎಡಬದಿಗೆ ಮಗಳನ್ನು, ಬಲಬದಿಗೆ ಮಗನನ್ನು ಬಿಟ್ಟು ಕರಪತ್ರ ಹಂಚಿಸುತ್ತಿದ್ದ, ಯಾರು ಮೊದಲು ಮುಗಿಸುತ್ತೀರೋ ಅವರಿಗೆ ಚಿಪ್ಸ್ ಎನ್ನುತ್ತಿದ್ದ. ಮೊದಲು ಮುಗಿಸುತ್ತಿದ್ದುದು ಐಲೀನೇ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮುದುಕಿಗೆ ಕಿವಿ ಕೇಳಿಸುವುದಿಲ್ಲ ಎಲ್ಲ ಅವಳಿಗೆ ಬಾಯಿಪಾಠ. ಅಪ್ಪ ಸತ್ತಮೇಲೆ ಪಕ್ಷದವರು ಸೀಟಿಗೆ ನಿಲ್ಲು ಎಂದು ಕೇಳಲು ಬಂದದ್ದು ಮಗನನ್ನು. ಅವಳೂ ಅಲ್ಲೇ ಇದ್ದಳು, ಬಂದವರಿಗೆ ಚಹಾ ಕೊಟ್ಟಳು. ನಿನಗೂ ಆಸೆ ಇದೆಯಾ ಎಂದು ಡೆನ್ನಿಸ್ ಅವಳನ್ನು ಕೇಳಬಹುದಿತ್ತು. ಅವಳಿಗೆ ಕಾರ್ಲ್‌ನನ್ನು ನೋಡಿಕೊಳ್ಳುವುದೇ ಸಾಕಷ್ಟಿದೆ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದ.

"ಗುರುವೇ, ಕರೀತಿದಾರೆ," ಎಂದು ನಜೀರ್ ತೋಳು ಹಿಡಿದು ಜಗ್ಗಿದ. "ಅನುಮಾನದ ಓಟುಗಳು. ಬಾಯಿ ಮುಚ್ಕೊಂಡು ನಿಂತಿರು, ಮಾತು ನನಗೆ ಬಿಡು."

ಮೂಲೆಯ ಮೇಜಿನ ಸುತ್ತ ಐದು ಜನ ನಿಂತರು. ಚುನಾವಣಾಧಿಕಾರಿ ಮಿಸೆಸ್ ಲ್ಯಾಂಗ್‌ಡೇಲ್, ಕನ್ನಡಕವನ್ನು ಸರದಂತೆ ಕತ್ತಿಗೆ ತೂಗುಹಾಕಿಕೊಂಡ ಹೆಂಗಸು. ಇತ್ತ ಡೆನ್ನಿಸ್, ನಜೀರ್. ಅತ್ತ ಪಕ್ಷೇತರ ಅಭ್ಯರ್ಥಿ ಡೀನ್ ವಿಟಮ್, ಮನೆ ಮಾರಿಸುವ ದಲ್ಲಾಳಿ, ವಯಸ್ಸು ಮೂವತ್ತು ದಾಟಿಲ್ಲ, ಬೂಟಿನಲ್ಲಿ ಮುಖ ಕಾಣುತ್ತದೆ. ಆರೈಕೆ ಕೇಂದ್ರ ಮುಚ್ಚಿದವರನ್ನು ಮನೆಗೆ ಕಳಿಸಿ ಎಂದು ಊರ ತುಂಬ ಹಲಗೆ ನೆಟ್ಟವನು. ಅದು ತೆರೆದಿದ್ದಾಗ ಒಂದು ದಿನವೂ ಅದರ ಬಾಗಿಲು ದಾಟಿದವನಲ್ಲ. ಅವನ ಏಜೆಂಟು ಅವನ ಅತ್ತೆಯೇ, ಪಾಲೀನ್. ಅಂಡರ್‌ಸ್ಕಾರ್‌ನಲ್ಲಿ ಹುಟ್ಟಿ ಬೆಳೆದವಳು, ಐಲೀನ್ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಅವಳಿಗೆ ತಿಳಿದದ್ದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ.

"ಇವನ್ನು ಬಿಟ್ಟು ಉಳಿದೆಲ್ಲ ಎಣಿಸಿ ಆಯಿತು," ಎಂದರು ಮಿಸೆಸ್ ಲ್ಯಾಂಗ್‌ಡೇಲ್ ದನಿ ತಗ್ಗಿಸಿ. "ಮಿಸ್ಟರ್ ವಿಟಮ್ ಒಂದು ಓಟು ಮುಂದಿದ್ದಾರೆ. ಒಂದೇ ಒಂದು. ಆದ್ದರಿಂದ ದಯವಿಟ್ಟು ತಾಳ್ಮೆಯಿಂದ ನೋಡಿ."

ಒಂದರಲ್ಲಿ ಎಲ್ಲ ಹೆಸರಿಗೂ ಗುರುತು ಹಾಕಿತ್ತು. ಒಂದು ಖಾಲಿ. ಇನ್ನೊಂದರಲ್ಲಿ 'ಕಳ್ಳರು' ಎಂದು ಅಡ್ಡಡ್ಡ ಗೀಚಿತ್ತು. ಮೂರನ್ನೂ ಎರಡು ಕಡೆಯವರೂ ತಲೆಯಾಡಿಸಿ ಬಿಟ್ಟುಕೊಟ್ಟರು. ನಾಲ್ಕನೆಯದನ್ನು ಅವರು ಮೇಜಿನ ನಡುವೆ ಇಟ್ಟರು. ಡೆನ್ನಿಸ್‌ನ ಹೆಸರಿನ ಮುಂದೆ ಸ್ಪಷ್ಟವಾಗಿ ಕತ್ತರಿ ಗುರುತು. ಅದರ ಕೆಳಗೆ ಪೆನ್ಸಿಲಿನಲ್ಲಿ ಒತ್ತಿ ಬರೆದ ಎರಡು ಸಾಲು: ಅಪ್ಪನ ಮುಖ ನೋಡಿ. ನಿನ್ನ ಮುಖ ನೋಡಿ ಅಲ್ಲ.

ಅಕ್ಷರಗಳು ಎಡಕ್ಕೆ ವಾಲಿದ್ದವು. ಅರವತ್ತು ವರ್ಷ ನೋಡಿದ ಕೈಬರಹ. ಕ್ರಿಸ್ಮಸ್ ಕಾರ್ಡುಗಳ ಮೇಲೆ, ಅಪ್ಪನ ಔಷಧದ ಬಾಟಲಿಗಳ ಮೇಲೆ, ಅಪ್ಪನ ಅಂತ್ಯಕ್ರಿಯೆಯ ಹೂವಿನ ಹಾರಕ್ಕೆ ಕಟ್ಟಿದ ರಟ್ಟಿನ ಮೇಲೆ. ಎಡಗೈಯಲ್ಲಿ ಬರೆಯುತ್ತಾಳೆಂದು ಶಾಲೆಯಲ್ಲಿ ಟೀಚರು ಬೆರಳ ಗಂಟಿನ ಮೇಲೆ ಹೊಡೆದಾಗ ತರಗತಿಯ ಬಾಗಿಲಿಗೆ ಹೋಗಿ ನಿಂತು ಕೂಗಾಡಿದವನು ಹತ್ತು ವರ್ಷದ ಡೆನ್ನಿಸ್. ಮೊದಲು ಎದೆಯಲ್ಲಿ ಏನೋ ಸಡಿಲಾಯಿತು. ಬಂದಿದ್ದಾಳೆ, ನನ್ನ ತಂಗಿ ನನ್ನ ಕೈಬಿಟ್ಟಿಲ್ಲ ಅನ್ನಿಸಿತು. ಆಮೇಲೆ ಎರಡನೆಯ ಸಾಲನ್ನು ಮತ್ತೆ ಓದಿದ, ಮುಖಕ್ಕೆ ರಕ್ತ ನುಗ್ಗಿತು. ಓಟು ಹಾಕಿ ಸುಮ್ಮನೆ ಬರುವುದಕ್ಕೆ ಆಗಲಿಲ್ಲವೇ ಇವಳಿಗೆ? ನಾಯಿಗೆ ರೊಟ್ಟಿ ಎಸೆದ ಹಾಗೆ ಎಸೆದು, ಎಸೆದದ್ದು ನಾನು, ತಿನ್ನು ಅಂತ ಹೇಳಲೂ ಬೇಕು! ಹದಿನಾರು ವರ್ಷ ಅವನು ಮಾಡಿದ್ದೆಲ್ಲ ಅಪ್ಪನ ಮುಖದ ಬಾಡಿಗೆ ಅಂತಲೇ? ಆ ಚರಂಡಿ, ಆ ಬಸ್ಸು, ಆ ಭಾನುವಾರಗಳು? ಚೀಟಿಯ ಮೇಲೆ ನಾಲ್ಕು ಜನ ಬಗ್ಗಿದ್ದಾರೆ, ನಾಲ್ಕು ಜನ ಓದುತ್ತಿದ್ದಾರೆ, ಅವನ ಬೋಳಾಗುತ್ತಿರುವ ತಲೆಯ ಮೇಲೆ ಅವಳ ಕಣ್ಣು ಆ ದಿನದ ಗ್ಯಾಲರಿಯಿಂದ ನೋಡುತ್ತಲೇ ಇದೆ.

"ಕತ್ತರಿ ಗುರುತು ಸರಿಯಾಗಿದೆ ಮೇಡಂ, ಉಳಿದದ್ದು ಮಾತು ಅಷ್ಟೇ," ಎಂದ ನಜೀರ್. "ನಮ್ಮ ಓಟು. ಸಮ ಆಯ್ತು. ಲಾಟರಿ ಎತ್ತಿ ತೀರ್ಮಾನ ಮಾಡೋಣ."

"ತಡಿ ತಡಿ, ಏನು ಅವಸರ ನಿಂದು," ಎಂದಳು ಪಾಲೀನ್. "ಓಟು ಹಾಕಿದೋರ ಗುರುತು ಸಿಗೋ ಹಾಗೆ ಬರೆದಿದ್ರೆ ಅಸಿಂಧು. ಇದನ್ನ ಬರೆದಿರೋರು ಇವನ ಮನೆಯವರು. ಆಲ್ಬರ್ಟ್‌ನನ್ನ 'ಅಪ್ಪ' ಅನ್ನೋಕೆ ಇನ್ಯಾರಿದಾರೆ?"

"ಯಾರಪ್ಪ ಬೇಕಾದರೂ ಆಗಿರಬಹುದಲ್ಲ," ಎಂದರು ಮಿಸೆಸ್ ಲ್ಯಾಂಗ್‌ಡೇಲ್. "ಅಪ್ಪ ಹಾಕುತ್ತಿದ್ದ ಪಕ್ಷಕ್ಕೇ ಹಾಕುವವರು ಈ ಊರಲ್ಲಿ ಸಾವಿರ ಜನ ಇದ್ದಾರೆ. ಬರೀ ಇಷ್ಟರಿಂದ ಗುರುತು ಸಿಗುತ್ತದೆ ಅಂತ ನಾನು ಹೇಳಲಾರೆ. ಇದು ಸಿಂಧು ಅಂತಲೇ ನನಗೆ ಅನ್ನಿಸುತ್ತದೆ."

"ಹಾಗಾದ್ರೆ ಡೆನ್ನಿಸ್‌ನೇ ಕೇಳಿ, ಯಾರ ಕೈಬರಹ ಅಂತ."

"ಅಭ್ಯರ್ಥಿ ಉತ್ತರ ಕೊಡಬೇಕಾಗಿಲ್ಲ, ಪಾಲೀನ್. ನಾನು ಕೇಳುವುದೂ ಇಲ್ಲ."

ಅಷ್ಟೇ. ಮುಗಿದಿತ್ತು. ಸುಮ್ಮನೆ ನಿಂತರೆ ಸಾಕಿತ್ತು. ನಜೀರ್ ಅವನ ಬೂಟನ್ನು ತನ್ನ ಬೂಟಿನಿಂದ ಮೆಲ್ಲಗೆ ಒತ್ತಿದ. ಮಿಸೆಸ್ ಲ್ಯಾಂಗ್‌ಡೇಲ್ ಚೀಟಿಯನ್ನು ಎತ್ತಿ ಅವನ ಕಟ್ಟಿನ ಕಡೆ ಸರಿಸಲು ಕೈ ಚಾಚಿದರು. ಅದು ಆ ಕಟ್ಟಿಗೆ ಸೇರಿಬಿಡುತ್ತದೆ, ಲಾಟರಿ ಎತ್ತಿದಾಗ ತನ್ನ ಹೆಸರು ಬಂದರೂ ಬರಬಹುದು, ಬಂದರೆ ಇನ್ನು ನಾಲ್ಕು ವರ್ಷ ಕೌನ್ಸಿಲರ್ ಎಂದು ಯಾರು ಕರೆದರೂ ಆ ಎರಡು ಸಾಲೇ ಕಿವಿಯಲ್ಲಿ ಕೂರುತ್ತದೆ ಎಂದು ಡೆನ್ನಿಸ್‌ಗೆ ಅನ್ನಿಸಿತು. ಅವಳ ಭಿಕ್ಷೆಯಿಂದ ಗೆದ್ದವನು. ಬೇಡ! ನಿನ್ನ ಓಟೂ ಬೇಡ, ನೀನೂ ಬೇಡ.

"ಅದು ನನ್ನ ತಂಗಿದು," ಎಂದ. ತಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ಐಲೀನ್‌ದು. ಎಡಗೈಲಿ ಬರೀತಾಳೆ. ಅವಳ ಕೈಬರಹ ನನಗೆ ಗೊತ್ತಿಲ್ವಾ? ತೆಗೆದುಹಾಕಿ ಅದನ್ನ."

ನಜೀರ್ ಬಾಯಿಂದ ಪಂಜಾಬಿಯಲ್ಲಿ ಒಂದು ಬೈಗುಳ ಹೊರಟಿತು. ಮಿಸೆಸ್ ಲ್ಯಾಂಗ್‌ಡೇಲ್ ಕನ್ನಡಕ ತೆಗೆದು ಅವನನ್ನೇ ನೋಡಿದರು. "ನೀವು ಹೆಸರು ಹೇಳಬಾರದಿತ್ತು ಮಿಸ್ಟರ್ ಹಾಯ್ಲ್. ಓಟು ಗುಟ್ಟಿನದು. ಅವರ ಗುಟ್ಟು ನಿಮ್ಮದಲ್ಲ." ಮಿಸ್ಟರ್ ಹಾಯ್ಲ್ ಎಂದರು, ಕೌನ್ಸಿಲರ್ ಎನ್ನಲಿಲ್ಲ. ಆಮೇಲೆ ಚೀಟಿಯ ಮೇಲೆ ಅಸಿಂಧು ಎಂದು ಮೊಹರೊತ್ತಿದರು.

ನಜೀರ್ ಮರುಎಣಿಕೆ ಕೇಳಿದ. ಮತ್ತೆ ಎಣಿಸಿದರು. ಅದೇ ಒಂದು ಓಟು. ಅಷ್ಟರಲ್ಲಿ ಮೂಲೆಯ ಮೇಜಿನ ಸುದ್ದಿ ಹಾಲ್‌ನ ತುಂಬ ಹಬ್ಬಿತ್ತು. ಎದುರು ಸಾಲಿನವರು, ಬೆಳಿಗ್ಗೆಯಿಂದ ಹಲ್ಲು ಕಿರಿಯುತ್ತಿದ್ದವರು, ಈಗ ಬಂದು ಬೆನ್ನು ತಟ್ಟತೊಡಗಿದರು. ಎಂಥಾ ಮನುಷ್ಯ, ಸೀಟೇ ಹೋದರೂ ಸುಳ್ಳಾಡಲಿಲ್ಲ, ಇಂಥವರು ಈಗೆಲ್ಲಿದ್ದಾರೆ ಎಂದರು. ಪತ್ರಿಕೆಯ ಹುಡುಗಿ ಫೋಟೋ ಹಿಡಿದಳು. ಡೀನ್ ವಿಟಮ್ ಎರಡೂ ಕೈಯಲ್ಲಿ ಅವನ ಕೈ ಹಿಡಿದು "ನಿಮ್ಮಿಂದ ಕಲಿಯೋದು ಬಹಳ ಇದೆ ಸರ್" ಎಂದ, ಅವನ ಕೈ ಮೆತ್ತಗೆ ಬೆಚ್ಚಗಿತ್ತು. ನಿಜ ಹೇಳಿದ್ದು ನಿಜಕ್ಕಾಗಿ ಅಲ್ಲ ಎಂದು ಇವರಿಗೆಲ್ಲ ಕಿರಿಚಿ ಹೇಳಬೇಕೆನ್ನಿಸಿತು ಡೆನ್ನಿಸ್‌ಗೆ. ಅವಳ ಮುಖಕ್ಕೆ ಅದನ್ನು ತಿರುಗಿ ಎಸೆಯಬೇಕಿತ್ತು ನನಗೆ, ಎಸೆದೆ, ಸಾಕಾ? ಫಲಿತಾಂಶ ಓದಿದಾಗ ಚಪ್ಪಾಳೆ ಗೆದ್ದವನಿಗಿಂತ ಸೋತವನಿಗೇ ಜಾಸ್ತಿ ಬಿತ್ತು. ಅವನು ಮೈಕಿನ ಮುಂದೆ ನಿಂತು ಎಲ್ಲರಿಗೂ ವಂದನೆ ಹೇಳಿದ.

"ನಾಲ್ಕು ವಾರ," ಎಂದ ನಜೀರ್, ಹೊರಗೆ ಕಾರುಗಳ ನಡುವೆ. "ನಾಲ್ಕು ವಾರ ಟ್ಯಾಕ್ಸಿ ನಿಲ್ಲಿಸಿ ನಿನಗೋಸ್ಕರ ಮಳೇಲಿ ಮೆಟ್ಟಿಲು ಹತ್ತಿ ಇಳಿದಿದೀನಿ. ಬಾಯಿ ಮುಚ್ಕೊಂಡಿರು ಅಂದೆ, ಅಷ್ಟೇ ತಾನೇ ಕೇಳಿದ್ದು? ಜನ ನಿನ್ನ ಸತ್ಯವಂತ ಅಂತಿದಾರೆ. ನಾನು ನಿನ್ನ ಮುಖ ನೋಡ್ತಿದ್ದೆ ಡೆನ್ನಿಸ್. ಅದು ಸತ್ಯ ಹೇಳೋ ಮುಖ ಅಲ್ಲ." ಗುರುವೇ ಎನ್ನಲಿಲ್ಲ. ಕಾರು ಹತ್ತಿ ಬಾಗಿಲು ಬಡಿದುಕೊಂಡು ಹೋದ.

ಡೆನ್ನಿಸ್ ತನ್ನ ಕಾರಿನ ಬೀಗ ತೆಗೆಯುವಾಗ ಹಿಂದಿನಿಂದ ಪಾಲೀನ್ ದನಿ ಬಂತು. "ಡೆನ್ನಿಸ್, ಬೇಜಾರು ಮಾಡ್ಕೋಬೇಡ ಕಣೋ. ನಿನಗೆ ಓಟು ಹಾಕಿಲ್ಲ ನಾನು, ಹಾಕೋದೂ ಇಲ್ಲ, ಆದ್ರೆ ಇವತ್ತು ಮಾತ್ರ ನೀನು ಆಲ್ಬರ್ಟ್ ಮಗ ಅನ್ನಿಸ್ಕೊಂಡೆ. ಐಲೀನ್‌ಗೆ ನಾನೇ ಫೋನ್ ಮಾಡಿ ಹೇಳ್ತೀನಿ, ನಿನ್ನ ಅಣ್ಣ ಎಂಥೋನು ಅಂತ."

"ನೀನೇನೂ ಹೇಳ್ಬೇಡ," ಎಂದ ಅವನು. "ನಾನೇ ಹೋಗ್ತಿದೀನಿ."

"ಹೋಗು ಹೋಗು. ನಾನೂ ಹೇಳ್ತೀನಿ, ಏನೀಗ?" ಎಂದು ನಕ್ಕು ಅವಳು ಅಳಿಯನ ಫೋಟೋ ತೆಗೆಸಲು ಒಳಗೆ ಓಡಿದಳು.

ಟೆಂಟರ್ ಬೀದಿಯವರೆಗೂ ಅವನು ಮಾತುಗಳನ್ನು ಜೋಡಿಸಿಕೊಂಡ. ನಿನ್ನ ಓಟನ್ನು ನಾನೇ ತೆಗೆಸಿದೆ ಐಲೀನ್, ನಾಲ್ಕು ಜನರ ಮುಂದೆ ಅವಮಾನ ಮಾಡಿದೆಯಲ್ಲ, ಅದಕ್ಕೆ. ಆ ದಿನ ನಾನು ಕೈಯೆತ್ತದಿದ್ದರೂ ಅದು ಮುಚ್ಚುತ್ತಿತ್ತು. ಬೈ, ಈಗಲಾದರೂ ಬಾಯಿಬಿಟ್ಟು ಬೈ. ಕೆಂಪು ದೀಪದ ಹತ್ತಿರ ನಿಂತಾಗ ಪಕ್ಕದ ಕಾರಿನವನು ಇವನನ್ನೇ ನೋಡುತ್ತಿದ್ದ, ಇವನು ಜೋರಾಗಿಯೇ ಮಾತಾಡುತ್ತಿದ್ದನೇನೋ. ಅವಳ ಬಾಗಿಲ ಮುಂದೆ ಗಾಲಿಕುರ್ಚಿಗಾಗಿ ಹಾಕಿಸಿದ ಇಳಿಜಾರು ಹಲಗೆಯ ಅಂಚು ಕಿತ್ತುಬಂದಿತ್ತು. ಅದನ್ನು ಸರಿ ಮಾಡಿಸಲು ನಗರಸಭೆಗೆ ಅರ್ಜಿ ಹಾಕಬೇಕು ಎಂದುಕೊಳ್ಳುತ್ತಲೇ ಗಂಟೆ ಒತ್ತಿದ.

ಐಲೀನ್ ಅಂಗಿಯ ತೋಳು ಮಡಚಿಕೊಂಡಿದ್ದಳು, ಕೂದಲು ಕೆದರಿತ್ತು, ಕೈ ಮೊಣಕೈವರೆಗೆ ಒದ್ದೆ. ನೋಡಿದಳು. ಡೆನ್ನಿಸ್ ಬಾಯಿ ತೆರೆದ.

"ರೇಡಿಯೋದಲ್ಲಿ ಬಂತು," ಎಂದಳು ಅವಳು ಮೊದಲೇ. "ಒಂದು ಓಟಲ್ಲಿ ಅಂತೆ. ಬಾ ಒಳಗೆ, ಮೊದಲು ಒಂದು ಕೈ ಕೊಡು. ಇವನನ್ನ ಸ್ನಾನಕ್ಕೆ ಎತ್ತೋವಾಗ ಸೊಂಟ ಹಿಡ್ಕೊಂಡುಬಿಡ್ತು."

ಸ್ನಾನದ ಮನೆ ಇಕ್ಕಟ್ಟು. ಕಾರ್ಲ್ ಟವೆಲು ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದ, ಮಾವನನ್ನು ಕಂಡು ಅವನ ಮುಖ ಅರಳಿತು. ನಾನು ಕಾಲು ಹಿಡೀತೀನಿ, ನೀನು ಹಿಂದಿನಿಂದ ಕಂಕುಳಿಗೆ ಕೈ ಹಾಕಿ ತಬ್ಬಿ ಹಿಡಿ, ಹಾಗಲ್ಲ, ಕೆಳಗೆ, ನಿನಗೇನೂ ಬರಲ್ಲ, ಎಂದು ಅವಳು ಹೇಳಿಕೊಡುತ್ತಿದ್ದಳು. ಹೇಳಬೇಕಾದ್ದು ಅವನ ನಾಲಿಗೆಯ ಮೇಲೇ ಇತ್ತು. ಕಾರ್ಲ್ ಇಷ್ಟು ಭಾರವಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಆರೈಕೆ ಕೇಂದ್ರದಲ್ಲಿ ಇದಕ್ಕೆ ಇಬ್ಬರು ಗಟ್ಟಿಮುಟ್ಟಾದವರಿದ್ದರು, ಎತ್ತುವ ಯಂತ್ರವೂ ಇತ್ತು.

"ನಿನಗೆ ಹಾಕ್ದೆ ನಾನು," ಎಂದಳು ಐಲೀನ್, ಕಾರ್ಲ್‌ನ ಕಾಲನ್ನು ತೊಟ್ಟಿಯ ಅಂಚಿನ ಮೇಲೆ ಎತ್ತಿಡುತ್ತ. ಅವನ ಕಡೆ ನೋಡಲಿಲ್ಲ. "ಹಾಕ್ಬಾರ್ದು ಅಂತಾನೇ ಹೋಗಿದ್ದೆ. ಇವನನ್ನ ತಳ್ಕೊಂಡು ಆ ದಿಬ್ಬ ಹತ್ತಿದೆ, ದಾರಿಯುದ್ದ ನಿನ್ನ ಬೈಕೊಂಡೇ ಹತ್ತಿದೆ. ಒಳಗೆ ಹೋದ್ಮೇಲೆ ಬೇರೆಯವರಿಗೆ ಹಾಕೋಕೆ ಕೈ ಬರಲಿಲ್ಲ. ಚೀಟಿ ಮೇಲೆ ಏನೋ ಒಂದು ಗೀಚಿಬಿಟ್ಟೆ, ಸಿಟ್ಟಿತ್ತು. ಅಷ್ಟಕ್ಕೆಲ್ಲ ತೆಗೆದುಹಾಕಲ್ಲ ತಾನೇ?"

"ಇಲ್ಲ," ಎಂದ ಡೆನ್ನಿಸ್.

"ಎಣಿಸಿದ್ರು ತಾನೇ?"

"ಎಣಿಸಿದ್ರು."

"ನೋಡು ಮತ್ತೆ. ನಂದೂ ಇಲ್ಲದಿದ್ರೆ ಎರಡು ಓಟಲ್ಲಿ ಸೋಲ್ತಿದ್ದೆ ನೀನು." ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ನಗುವಿನಂಥದ್ದೇನೋ ಕಂಡಿತು. "ಹಿಡ್ಕೋ, ಈಗ ಎತ್ತು."

ಎತ್ತಿದ. ಕಾರ್ಲ್ ಪೂರ್ತಿ ಅವನ ತೋಳಿನ ಮೇಲೆ ಬಂದ, ಬರಿ ಬೆನ್ನು ಅವನ ಎದೆಗೆ ಅಂಟಿತು. ಅದೇ ಹೊತ್ತಿಗೆ ಹೊರಗೆ ನಡುಮನೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಬಿಡು, ಆಮೇಲೆ ನೋಡಿದ್ರಾಯ್ತು," ಎಂದ ಡೆನ್ನಿಸ್.

"ಡಾಕ್ಟರ್ ಕಡೆಯಿಂದ ಇರಬೇಕು ಕಣೋ. ಒಂದು ನಿಮಿಷ ಹಿಡ್ಕೊಂಡಿರು, ನೀನು ಕೈ ಬಿಟ್ರೆ ಇವನು ಬೀಳ್ತಾನೆ." ಅವಳು ಕೈಯನ್ನು ಸ್ಕರ್ಟಿಗೆ ಒರೆಸಿಕೊಳ್ಳುತ್ತ ಹೊರಗೆ ನಡೆದಳು.

ಅವನಿಗೆ ಕೂರಿಸಲೂ ಗೊತ್ತಾಗಲಿಲ್ಲ, ಇಳಿಸಲೂ ಗೊತ್ತಾಗಲಿಲ್ಲ. ಕಾರ್ಲ್ ತಲೆಯನ್ನು ಅವನ ಭುಜಕ್ಕೆ ಒರಗಿಸಿ ಏನನ್ನೋ ಗುನುಗುತ್ತಿದ್ದ.

"ಹಲೋ," ಎಂದಳು ಐಲೀನ್ ಹೊರಗಿನಿಂದ. "ಓಹ್ ಪಾಲೀನ್, ನೀನಾ! ಹೇಳು ಹೇಳು. ಡೆನ್ನಿಸ್ ಇಲ್ಲೇ ಇದಾನೆ."